ಗಾಡಿ ಎತ್ತಬೇಡಿ ಎಂದ ಮೇಲೆ: ಲಾರಿ, ಟಿಪ್ಪರ್, ಬಸ್ ಚಾಲಕರಿಗೆ ಸುರಕ್ಷತಾ ಆದೇಶ ಮತ್ತು ದಂಡದ ಮಾರ್ಗದರ್ಶಿ

ಹೆದ್ದಾರಿ ಬದಿಯಲ್ಲಿ ಆರ್‌ಟಿಒ ಇನ್‌ಸ್ಪೆಕ್ಟರ್ ಟಿಪ್ಪರ್ ತಡೆದು ತೂಕ ಹಾಕಿಸುತ್ತಾರೆ. ಲೋಡ್ ಜಾಸ್ತಿ ಇರುತ್ತದೆ. ದಂಡ ಬರೆದು, "ಹೆಚ್ಚಿನ ಮಾಲು ಇಳಿಸೋವರೆಗೂ ಗಾಡಿ ಇಲ್ಲಿಂದ ಕದಲಬಾರದು" ಎಂದು ಕಾಗದ ಕೊಡುತ್ತಾರೆ. ಅವರ ಜೀಪು ತಿರುವು ದಾಟುತ್ತಿದ್ದಂತೆ ಓನರ್ ಫೋನು: "ದಂಡ ಕಟ್ಟಾಯ್ತಲ್ಲ, ಇನ್ನೇನ್ ನೋಡ್ತಾ ನಿಂತಿದೀಯ? ಎತ್ತು ಗಾಡಿ."

ಆ ಫೋನಿಗೆ ಏನು ಉತ್ತರ ಕೊಡಬೇಕು, ಗಾಡಿ ಎತ್ತಿದರೆ ಏನಾಗುತ್ತದೆ, ಎತ್ತದೆ ಬಿಡಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ. ಸಿಗ್ನಲ್ ಜಂಪು, ಹೆಲ್ಮೆಟ್, ಪಾರ್ಕಿಂಗ್ ಇಲ್ಲಿಲ್ಲ. ದಂಡದ ಮೊತ್ತಗಳು, ಬೇರೆ ಕಾನೂನಿನ ಹೆಸರು ಹೇಳದ ಕಡೆಯೆಲ್ಲ, 1988ರ ಮೋಟಾರು ವಾಹನ ಕಾಯ್ದೆಯಲ್ಲಿ 2019ರ ತಿದ್ದುಪಡಿಯ ನಂತರ ಇರುವಂಥವು. ಕೋರ್ಟಿಗೆ ಹೋಗದೆ ಸ್ಥಳದಲ್ಲೇ ರಾಜಿಯಾಗಿ ದಂಡ ಕಟ್ಟಿ ಮುಗಿಸಬಹುದಾದ ಅಪರಾಧಗಳಿಗೆ ಮೊತ್ತ ಗೊತ್ತುಮಾಡುವ ಅಧಿಕಾರ ಸೆಕ್ಷನ್ 200ರಲ್ಲಿ ರಾಜ್ಯ ಸರ್ಕಾರಕ್ಕಿದೆ. ಕರ್ನಾಟಕ 2019ರ ಸೆಪ್ಟೆಂಬರ್‌ನಲ್ಲೇ ಕೆಲವು ಮೊತ್ತಗಳನ್ನು ಇಳಿಸಿತು. ಹಾಗಾಗಿ ನಿಮ್ಮ ಚಲನ್‌ನಲ್ಲಿರುವ ಅಂಕಿ ಕಾಯ್ದೆಯ ಅಂಕಿಗಿಂತ ಕಡಿಮೆ ಇದ್ದರೆ ಗಾಬರಿ ಬೇಡ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಓವರ್‌ಲೋಡ್ ಆಗಲಿ, ಸವೆದ ಟೈರ್ ಆಗಲಿ, ಅದರ ಮೂಲ ಸಾಮಾನ್ಯವಾಗಿ ಮಾಲೀಕನ ಲೆಕ್ಕಾಚಾರ. ಕಾನೂನಿಗೂ ಇದು ಗೊತ್ತು. ಸೆಕ್ಷನ್ 113(4) ಓದಿ ನೋಡಿ: ಓವರ್‌ಲೋಡ್ ಗಾಡಿಯ ಚಾಲಕ ಮಾಲೀಕನಲ್ಲದಿದ್ದರೆ, ಅದು ಮಾಲೀಕನ ಅರಿವಿನಲ್ಲೇ ಅಥವಾ ಅಪ್ಪಣೆಯಿಂದಲೇ ನಡೆದದ್ದೆಂದು ಕೋರ್ಟು ಭಾವಿಸಬಹುದು. ನಿಮ್ಮ ಪರವಾಗಿ ಕಾನೂನಿನಲ್ಲಿರುವ ಒಳ್ಳೆಯ ಸಾಲುಗಳಲ್ಲಿ ಇದೊಂದು. ಆದರೆ ನಿಲ್ಲಿಸಿದ ಗಾಡಿಯನ್ನು ನೀವಾಗಿ ಎತ್ತಿದಿರಿ ಎಂದುಕೊಳ್ಳಿ. ಆಮೇಲೆ "ನನಗೇನು ಗೊತ್ತಿತ್ತು ಸಾರ್, ಲೋಡ್ ಮಾಡಿದವರು ಅವರು" ಎನ್ನಲು ಬಾಯಿ ಇರುವುದಿಲ್ಲ. ಆದೇಶ ನಿಮ್ಮ ಕೈಯಲ್ಲಿತ್ತು, ಸ್ಟೀರಿಂಗೂ ನಿಮ್ಮ ಕೈಯಲ್ಲೇ ಇತ್ತು.

ಮೊದಲು: ಕೈಗೆ ಬಂದಿರುವುದು ಯಾವ ಆದೇಶ?

ಎಲ್ಲ ಕಾಗದವನ್ನೂ "ಕೇಸ್ ಹಾಕಿದ್ರು" ಎಂದು ಒಂದೇ ಗಂಟಿಗೆ ಕಟ್ಟುವುದು ನಮ್ಮ ರೂಢಿ. ಆದರೆ ಬಿಡಿಸಿಕೊಳ್ಳುವ ದಾರಿ ಒಂದೊಂದಕ್ಕೂ ಬೇರೆ. ಕಾಗದದಲ್ಲಿ ಬರೆದ ಸೆಕ್ಷನ್ ನಂಬರ್ ನೋಡಿ. ಕೈಬರಹ ಅರ್ಥವಾಗದಿದ್ದರೆ ಅಲ್ಲೇ ಕೇಳಿ ತಿಳಿದುಕೊಳ್ಳಿ.

ಸೆಕ್ಷನ್ 114 ಎಂದಿದ್ದರೆ ಅದು ತೂಕದ ಆದೇಶ. ಓವರ್‌ಲೋಡ್ ಅನುಮಾನ ಬಂದರೆ ಅಧಿಕಾರಿ ನಿಮ್ಮನ್ನು ವೇಬ್ರಿಡ್ಜ್‌ಗೆ ಗಾಡಿ ತರಲು ಹೇಳಬಹುದು. ಅದು ನೀವು ಹೋಗುವ ದಾರಿಯಲ್ಲಿ ಮುಂದಿನ 10 ಕಿಲೋಮೀಟರ್ ಒಳಗೆ, ಇಲ್ಲವೇ ತಲುಪಬೇಕಾದ ಊರಿನಿಂದ 20 ಕಿಲೋಮೀಟರ್ ಒಳಗೆ ಇರಬೇಕು. ತೂಕ ಹೆಚ್ಚು ಬಂದರೆ ಹೆಚ್ಚುವರಿ ಮಾಲನ್ನು ನಿಮ್ಮ ಹೊಣೆಯಲ್ಲೇ ಇಳಿಸಿ, ಅಲ್ಲಿಯವರೆಗೆ ಗಾಡಿ ಕದಲಿಸಬೇಡಿ ಎಂದು ಲಿಖಿತ ಆದೇಶ ಕೊಡುತ್ತಾರೆ.

ಸೆಕ್ಷನ್ 207 ಎಂದಿದ್ದರೆ ಗಾಡಿಯನ್ನೇ ವಶಕ್ಕೆ ತೆಗೆದುಕೊಂಡಿದ್ದಾರೆ. ನೋಂದಣಿ ಇಲ್ಲ, ಪರ್ಮಿಟ್ ಇಲ್ಲ, ಪರ್ಮಿಟ್‌ನ ಮಾರ್ಗ ಬಿಟ್ಟು ಓಡಿಸಿದ್ದೀರಿ, ಡಿಎಲ್ ಇಲ್ಲ ಎಂಬಂಥ ಕಾರಣಗಳಿಗೆ ಇದು. ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಮುಗಿದದ್ದೂ ಇಲ್ಲಿಗೇ ಬಂದು ಸೇರುತ್ತದೆ ಎಂಬುದು ಬಹಳ ಚಾಲಕರಿಗೆ ಗೊತ್ತಿಲ್ಲ. ಸೆಕ್ಷನ್ 56ರ ಪ್ರಕಾರ ಎಫ್‌ಸಿ ಇಲ್ಲದ ಸಾರಿಗೆ ವಾಹನ ನೋಂದಣಿಯೇ ಆಗಿಲ್ಲದ ವಾಹನಕ್ಕೆ ಸಮ. ಆರ್‌ಸಿ ಕಾರ್ಡ್ ಜೇಬಿನಲ್ಲಿದ್ದರೂ ಕಾನೂನಿನ ಲೆಕ್ಕದಲ್ಲಿ ಅದು ಇಲ್ಲ.

ಸೆಕ್ಷನ್ 56(4) ಅಥವಾ 53 ಎಂದು ಬಂದಿದ್ದರೆ ವಿಷಯ ಇನ್ನೂ ಗಂಭೀರ. ಮೊದಲನೆಯದು ಎಫ್‌ಸಿ ರದ್ದತಿ: ಗಾಡಿ ಈಗ ಓಡಲು ಯೋಗ್ಯವಲ್ಲ ಎಂದು ಕಾರಣ ಬರೆದು ರದ್ದು ಮಾಡುತ್ತಾರೆ, ಹೊಸ ಎಫ್‌ಸಿ ಬರುವವರೆಗೆ ಆರ್‌ಸಿ ಮತ್ತು ಪರ್ಮಿಟ್ ಎರಡೂ ತಾವಾಗಿ ಅಮಾನತು. ಎರಡನೆಯದು ನೋಂದಣಿಯನ್ನೇ ನೇರವಾಗಿ ಅಮಾನತು ಮಾಡುವುದು. ಗಾಡಿಯ ಸ್ಥಿತಿ ಸಾರ್ವಜನಿಕರಿಗೆ ಅಪಾಯ ಎಂಬ ಕಾರಣಕ್ಕೆ ಮಾಡಿದರೆ ದೋಷ ಸರಿಪಡಿಸುವ ತನಕ ಅದು ತೆರವಾಗುವುದಿಲ್ಲ. ಆರು ತಿಂಗಳು ಹಾಗೇ ಬಿಟ್ಟರೆ ಸೆಕ್ಷನ್ 54ರಡಿ ನೋಂದಣಿ ರದ್ದಾಗುವ ದಾರಿ ತೆರೆಯುತ್ತದೆ. ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿ ಮರೆತುಬಿಡುವ ಮಾಲೀಕರಿಗೆ ಈ ಮಾತು ಮುಟ್ಟಿಸಿ.

ಬಸ್, ಮ್ಯಾಕ್ಸಿಕ್ಯಾಬ್ ಓಡಿಸುವವರಿಗೆ ಸೆಕ್ಷನ್ 194ಎ. ಹೆಚ್ಚುವರಿ ಪ್ರಯಾಣಿಕರನ್ನು ಇಳಿಸಿ, ಅವರಿಗೆ ಬೇರೆ ಗಾಡಿ ವ್ಯವಸ್ಥೆ ಮಾಡುವವರೆಗೆ ವಾಹನ ಹೊರಡುವಂತಿಲ್ಲ. ದಂಡ ತಲೆಗೆ 200 ರೂಪಾಯಿ. ದಂಡ ಸಣ್ಣದೇ. ಆದರೆ ರಾತ್ರಿ ಹನ್ನೊಂದಕ್ಕೆ ನಡುದಾರಿಯಲ್ಲಿ ಇನ್ನೊಂದು ಬಸ್ ತರಿಸುವುದು ಸಣ್ಣ ಕೆಲಸವಲ್ಲ.

ಇನ್ನು ಬಾಯಿಮಾತಿನ ಸೂಚನೆ. "ಬರೆದು ಕೊಟ್ಟಿಲ್ಲ, ಹಾಗಾಗಿ ಆದೇಶವಲ್ಲ" ಎಂದುಕೊಂಡು ಹೊರಡಬೇಡಿ. ಅಧಿಕಾರವುಳ್ಳವರು ಕಾನೂನುಬದ್ಧವಾಗಿ ಕೊಟ್ಟ ನಿರ್ದೇಶನವನ್ನು ಬೇಕೆಂದೇ ಮೀರಿದರೆ ಸೆಕ್ಷನ್ 179ರಡಿ 2,000 ರೂಪಾಯಿ ದಂಡವಿದೆ. ಬರೆದು ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು, ಕೇಳಿ. ಕೊಡದಿದ್ದರೆ ಜಾಗ, ಸಮಯ, ಏನು ಹೇಳಿದರು ಎಂಬುದನ್ನು ಓನರಿಗೆ ಆಗಲೇ ಮೆಸೇಜ್ ಮಾಡಿಡಿ. ಅದೇ ನಿಮ್ಮ ದಾಖಲೆ.

ಎರಡನೆಯದು: ತೂಕ ಹಾಕಿಸಲು ಒಪ್ಪದಿರಬೇಡಿ

ಲೆಕ್ಕ ಹಾಕಿದರೆ ಯಾಕೆಂದು ಗೊತ್ತಾಗುತ್ತದೆ. ಓವರ್‌ಲೋಡ್‌ಗೆ ಸೆಕ್ಷನ್ 194(1)ರ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್‌ಗೆ 2,000, ಜೊತೆಗೆ ಮಾಲು ಇಳಿಸುವ ಖರ್ಚು. ಆರ್‌ಸಿಯಲ್ಲಿ ಒಟ್ಟು ತೂಕ 28 ಟನ್ ಎಂದಿದ್ದು ವೇಬ್ರಿಡ್ಜ್‌ನಲ್ಲಿ 34 ಬಂದರೆ 6 ಟನ್ ಜಾಸ್ತಿ. 20,000ಕ್ಕೆ 12,000 ಸೇರಿ 32,000.

ಗಾಡಿ ನಿಲ್ಲಿಸದೆ ಹೋದರೆ, ತೂಕಕ್ಕೆ ಒಪ್ಪದಿದ್ದರೆ, ಇಲ್ಲವೇ ತೂಕಕ್ಕೆ ಮೊದಲೇ ದಾರಿಬದಿ ಒಂದಿಷ್ಟು ಮರಳು ಸುರಿದುಬಿಟ್ಟರೆ ಸೆಕ್ಷನ್ 194(2)ರಡಿ ನೇರವಾಗಿ 40,000. ಅಂದರೆ ಹೆಚ್ಚುವರಿ ಲೋಡ್ 10 ಟನ್ ಮುಟ್ಟುವವರೆಗೆ ತಪ್ಪಿಸಿಕೊಳ್ಳುವುದೇ ದುಬಾರಿ. ತಪ್ಪಿಸಿಕೊಂಡವರನ್ನು ಮುಂದೆಲ್ಲೋ ಹಿಡಿದು ತೂಕ ಹಾಕಿಸುವುದಿಲ್ಲ ಎಂಬ ಖಾತರಿಯೂ ಇಲ್ಲ. 194(2)ರ ಮಾತು "ಚಾಲಕ" ಎಂದೇ ಶುರುವಾಗುತ್ತದೆ, ಮಾಲೀಕನ ಹೆಸರೇ ಅದರಲ್ಲಿ ಬರುವುದಿಲ್ಲ. "ಓಡಿಸ್ಕೊಂಡ್ ಬಂದ್ಬಿಡು" ಎಂದು ಫೋನಿನಲ್ಲಿ ಹೇಳಿದವರು ಆ 40,000 ಕಟ್ಟುತ್ತಾರೋ ಇಲ್ಲವೋ ಎಂದು ನೀವೇ ಯೋಚಿಸಿ.

ಲೋಡ್ ಬಾಡಿಯಿಂದ ಅಕ್ಕಪಕ್ಕಕ್ಕೆ, ಮುಂದೆ ಹಿಂದೆ, ಎತ್ತರಕ್ಕೆ ಮಿತಿ ಮೀರಿ ಚಾಚಿಕೊಂಡಿದ್ದರೆ ತೂಕ ಸರಿಯಿದ್ದರೂ 20,000 ದಂಡ, ಇಳಿಸುವ ಖರ್ಚು ಬೇರೆ. ಭತ್ತದ ಹುಲ್ಲು, ಹತ್ತಿ, ಕಬ್ಬು ಹೇರುವವರು ಇದನ್ನು ಗಮನಿಸಬೇಕು. ಕಬ್ಬಿನ ಹಂಗಾಮಿನಲ್ಲಿ ಮಂಡ್ಯದಲ್ಲಾಗಲಿ ಬೆಳಗಾವಿಯಲ್ಲಾಗಲಿ ರಸ್ತೆಯಲ್ಲಿ ಕಾಣುವ ಗಾಡಿಗಳನ್ನು ನೆನೆದರೆ ಈ ಕಲಮು ಪುಸ್ತಕದಲ್ಲೇ ಮಲಗಿದೆಯೇನೋ ಅನಿಸುತ್ತದೆ. ಎದ್ದ ದಿನ ನಿಮ್ಮ ಗಾಡಿಯ ಮುಂದೆಯೇ ಎದ್ದರೆ ಕಷ್ಟ.

ವೇಬ್ರಿಡ್ಜ್ ಚೀಟಿ ಕೇಳಿ ಪಡೆಯಿರಿ. ಗಾಡಿ ನಂಬರ್, ದಿನಾಂಕ, ಸಮಯ ಅದರಲ್ಲಿ ಇರಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯ ಪರಿಶೀಲನಾ ಪ್ರಮಾಣಪತ್ರ ಅಲ್ಲಿ ತೂಗುಹಾಕಿದ್ದರೆ ಅದರ ಫೋಟೊ ಹೊಡೆದಿಟ್ಟುಕೊಳ್ಳಿ. ತೂಕದ ಬಗ್ಗೆ ನಿಜವಾದ ತಕರಾರಿದ್ದರೆ ಕೋರ್ಟಿನಲ್ಲಿ ಕೆಲಸಕ್ಕೆ ಬರುವುದು ಈ ಎರಡು ಕಾಗದ. ದಾರಿಯಲ್ಲಿ ಮಾಡಿದ ಜಗಳ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ದಂಡ ಕಟ್ಟಿದರೆ ಹೊರಡಬಹುದೇ?

ಇಲ್ಲ. ಚಾಲಕರೂ ಮಾಲೀಕರೂ ಅತಿ ಹೆಚ್ಚು ಎಡವುವ ಜಾಗ ಇದೇ.

ಹಿಂದೆ ಕೆಲವು ರಾಜ್ಯಗಳಲ್ಲಿ ದಂಡದ ರಸೀದಿ ತೋರಿಸಿ ಅದೇ ಓವರ್‌ಲೋಡ್‌ನಲ್ಲಿ ಮುಂದೆ ಹೋಗುವುದು ನಡೆಯುತ್ತಿತ್ತು. 2005ರ ನವೆಂಬರ್‌ನಲ್ಲಿ ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ತಡೆ ಹಾಕಿತು. ದಂಡ ಕಟ್ಟಿ ರಾಜಿ ಮಾಡಿಕೊಂಡ ಮಾತ್ರಕ್ಕೆ ಹೆಚ್ಚುವರಿ ತೂಕ ಹೊತ್ತು ಸಾಗಲು ಪರವಾನಗಿ ಸಿಕ್ಕಂತಾಗುವುದಿಲ್ಲ ಎಂಬುದು ತೀರ್ಪಿನ ತಿರುಳು. 2019ರ ತಿದ್ದುಪಡಿ ಅದನ್ನು ಕಾಯ್ದೆಯೊಳಗೇ ಬರೆಯಿತು: ಹೆಚ್ಚುವರಿ ಲೋಡ್ ಇಳಿಯುವವರೆಗೆ ಗಾಡಿ ಕದಲಲು ಬಿಡತಕ್ಕದ್ದಲ್ಲ.

ಸೆಕ್ಷನ್ 194(1)ರ ದಂಡ ತೂಕದ ಮಿತಿಯ ಸೆಕ್ಷನ್ 113ನ್ನು ಮುರಿದವರಿಗೆ ಮಾತ್ರವಲ್ಲ, ತೂಕದ ಆದೇಶದ 114ನ್ನು ಮುರಿದವರಿಗೂ ಇದೆ. ಮೊದಲ ದಂಡ ಲೋಡ್‌ಗೆ. ಲಿಖಿತ ಆದೇಶವಿದ್ದೂ ಗಾಡಿ ಎತ್ತಿದರೆ ಅದು ಬೇರೆಯದೇ ಉಲ್ಲಂಘನೆ. ಎರಡನೇ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದವರು ಮೊದಲ ರಸೀದಿ ತೋರಿಸಿದರೆ, ಅದು ಅವರಿಗೆ ಆದೇಶ ಗೊತ್ತಿತ್ತು ಎಂಬುದಕ್ಕೇ ಸಾಕ್ಷಿಯಾಗುತ್ತದೆ. ಇದರ ಮೇಲೆ ಸರ್ಕಾರಿ ನೌಕರನ ಆದೇಶ ಮೀರಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 223 ಕೂಡ ಇದೆ: ಆರು ತಿಂಗಳವರೆಗೆ ಸಜೆ ಅಥವಾ 2,500 ರೂಪಾಯಿವರೆಗೆ ದಂಡ. ಆ ಮೀರುವಿಕೆಯಿಂದ ಜನರ ಜೀವಕ್ಕೆ ಅಪಾಯವಿದ್ದರೆ ಒಂದು ವರ್ಷ, 5,000 ರೂಪಾಯಿವರೆಗೆ. ಬ್ರೇಕ್ ಹಿಡಿಯದ ಗಾಡಿಯನ್ನು ಶಿರಾಡಿ ಘಾಟಿಗೆ ಇಳಿಸಿದವರು ಎರಡನೇ ಸಾಲಿನಲ್ಲಿ ನಿಲ್ಲಬೇಕಾಗಬಹುದು.

ಓನರ್ ಫೋನಿಗೆ ಉತ್ತರ

ವಾದ ಮಾಡಬೇಡಿ. ಆದೇಶದ ಫೋಟೊ ವಾಟ್ಸ್‌ಆಪ್ ಮಾಡಿ, ಕೆಳಗೆ ಎರಡು ಸಾಲು ಬರೆಯಿರಿ: "ಓನರೇ, ಇನ್‌ಸ್ಪೆಕ್ಟರ್ ಗಾಡಿ ನಿಲ್ಲಿಸಿದ್ದಾರೆ. 6 ಟನ್ ಇಳಿಸದೆ ಎತ್ತಬಾರದು ಅಂತ ಬರೆದುಕೊಟ್ಟಿದ್ದಾರೆ. ಇಳಿಸೋಕೆ ಹಮಾಲಿ, ಇನ್ನೊಂದು ಗಾಡಿ ಕಳಿಸಿ." ಇಷ್ಟೇ. ಬರೆಯಲು ಬಾರದವರು ಕ್ಲೀನರ್ ಕೈಲಿ ಬರೆಸಿ, ಇಲ್ಲವೇ ವಾಯ್ಸ್ ಮೆಸೇಜ್ ಕಳಿಸಿ. ಅವರು "ಎತ್ತು" ಎಂದು ಉತ್ತರ ಕೊಟ್ಟರೆ ಆ ಮೆಸೇಜ್ ಅಳಿಸಬೇಡಿ. "ಓಡಿಸಿದವರು" ಮಾತ್ರವಲ್ಲ, "ಓಡಿಸಲು ಕಾರಣರಾದವರು, ಓಡಿಸಲು ಬಿಟ್ಟವರು" ಕೂಡ 194(1)ರಡಿ ತಪ್ಪಿತಸ್ಥರು. ಕಂಪನಿಯ ಗಾಡಿಯಾದರೆ ಸೆಕ್ಷನ್ 199ರಡಿ ವ್ಯವಹಾರ ನೋಡಿಕೊಳ್ಳುವವರೂ ಹೊಣೆ.

ಕೆಲಸ ಹೋದೀತು ಎಂಬ ಹೆದರಿಕೆ ಸುಳ್ಳಲ್ಲ. ದಿನದ ಬತ್ತಾ, ಟ್ರಿಪ್ ಲೆಕ್ಕದಲ್ಲಿ ಬದುಕುವವರಿಗೆ ಕಾನೂನಿನ ಪಾಠ ಹೇಳುವುದು ಸುಲಭ ಎಂದು ನನಗೂ ಗೊತ್ತು. ಆದರೂ ಈ ಓನರ್ ಬಿಟ್ಟರೆ ಇನ್ನೊಬ್ಬ ಓನರ್ ಸಿಗುತ್ತಾನೆ. ಡಿಎಲ್ ಹೋದರೆ ಯಾವ ಓನರೂ ಕೆಲಸ ಕೊಡುವುದಿಲ್ಲ.

ಮಾಲು ಇಳಿಸುವಾಗ

ಆದೇಶದಲ್ಲಿ "ಚಾಲಕನ ಹೊಣೆಯಲ್ಲಿ" ಎಂದಿರುವುದನ್ನು ಮರೆಯಬೇಡಿ. ಇಳಿಸಿದ ಸಿಮೆಂಟು ಮಳೆಯಲ್ಲಿ ನೆಂದರೆ, ಮೂಟೆ ಕಳುವಾದರೆ ಇಲಾಖೆ ಜವಾಬ್ದಾರಿ ಹೊರುವುದಿಲ್ಲ. ಆದ್ದರಿಂದ ಇಳಿಸುವ ಮೊದಲು ಟ್ರಾನ್ಸ್‌ಪೋರ್ಟ್ ಆಫೀಸಿಗೂ ಮಾಲು ಕಳಿಸಿದವರಿಗೂ ತಿಳಿಸಿ. ಇಳಿಸಿದ ಮೂಟೆ ಎಣಿಸಿ, ಬಂದ ಗಾಡಿಯ ಚಾಲಕನಿಂದ ಸಹಿ ಹಾಕಿಸಿಕೊಳ್ಳಿ. ಟಾರ್ಪಾಲು ಹೊದಿಸದೆ ರಸ್ತೆ ಬದಿಯಲ್ಲಿ ಬಿಡಬೇಡಿ. ಹೆದ್ದಾರಿಯ ಮೇಲೆ ಸುರಿಯುವುದಂತೂ ಬೇಡವೇ ಬೇಡ, ಅದು ಇನ್ನೊಂದು ಕೇಸು.

ಇಲ್ಲಿ ಜಿಎಸ್‌ಟಿಯ ಒಂದು ತೊಡಕಿದೆ. ಮಾಲು ಬೇರೆ ಗಾಡಿಗೆ ಹತ್ತಿದರೆ, ಆ ಗಾಡಿ ಹೊರಡುವ ಮೊದಲು ಇ-ವೇ ಬಿಲ್‌ನ (ಮಾಲು ಸಾಗಣೆಯ ಆನ್‌ಲೈನ್ ದಾಖಲೆ) ಭಾಗ ಬಿ ಯಲ್ಲಿ ಹೊಸ ಗಾಡಿ ನಂಬರ್ ಹಾಕಿಸಬೇಕು. ಅವಸರದಲ್ಲಿ ಇದನ್ನು ಬಿಟ್ಟರೆ, ಆರ್‌ಟಿಒ ಕೈಯಿಂದ ಬಿಡಿಸಿಕೊಂಡ ಮಾಲು ವಾಣಿಜ್ಯ ತೆರಿಗೆಯವರ ಕೈಗೆ ಸಿಗುತ್ತದೆ. ಟ್ರಾನ್ಸ್‌ಪೋರ್ಟ್ ಆಫೀಸಿನವರಿಗೆ ಫೋನಿನಲ್ಲೇ ಮಾಡಬಹುದಾದ ಕೆಲಸ ಇದು. ಕೋಲಾರದ ಟೊಮೆಟೊ, ಹಾಲು, ಮೀನಿನಂಥ ಕೆಡುವ ಸರಕಾದರೆ ಇಳಿಸುವುದಕ್ಕೂ ಮೊದಲೇ ಇನ್ನೊಂದು ಗಾಡಿ ಹುಡುಕಲು ಶುರುಮಾಡಿ.

ಹೊರಡುವ ಮುನ್ನ ಮತ್ತೆ ತೂಕ ಹಾಕಿಸಿ ಎರಡನೇ ಚೀಟಿ ತೆಗೆದುಕೊಳ್ಳಿ. ಸಾಧ್ಯವಾದರೆ ಆದೇಶ ಕೊಟ್ಟ ಅಧಿಕಾರಿಗೆ ತೋರಿಸಿ ಕಾಗದದ ಮೇಲೆ "ಬಿಡುಗಡೆ" ಎಂದು ಬರೆಸಿ. ಓವರ್‌ಲೋಡ್‌ನ ವಿವರ ಗಾಡಿಯ ಪರ್ಮಿಟ್ ಮೇಲೂ ದಾಖಲಾಗುತ್ತದೆ, ಪರ್ಮಿಟ್ ಕೊಟ್ಟ ಪ್ರಾಧಿಕಾರಕ್ಕೂ ಸುದ್ದಿ ಹೋಗುತ್ತದೆ. ಪದೇ ಪದೇ ಆದರೆ ಸೆಕ್ಷನ್ 86ರಡಿ ಪರ್ಮಿಟ್ ಅಮಾನತಿಗೆ ಬರಬಹುದು. ಅದು ಮಾಲೀಕನ ತಲೆನೋವು.

ಗಾಡಿಯಲ್ಲೇ ದೋಷವಿದ್ದರೆ

ಬ್ರೇಕ್, ಸ್ಟೀರಿಂಗ್, ಟೈರ್, ಹಿಂದಿನ ದೀಪ, ರಿಫ್ಲೆಕ್ಟರ್ ಟೇಪ್, ಸ್ಪೀಡ್ ಗವರ್ನರ್, ಬಸ್ಸಿನಲ್ಲಿ ತುರ್ತು ಬಾಗಿಲು: ನಿಲ್ಲಿಸುವ ಕಾರಣಗಳು ಇಂಥವು. ಸೆಕ್ಷನ್ 190(1) ಹೇಳುವುದನ್ನು ಚಾಲಕರು ಸರಿಯಾಗಿ ತಿಳಿದುಕೊಳ್ಳಬೇಕು. ದೋಷ ನಿಮಗೆ ಗೊತ್ತಿದ್ದರೆ ಮಾತ್ರ ತಪ್ಪು ಎಂದಿಲ್ಲ, ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗುತ್ತಿತ್ತು ಎಂದಿದ್ದರೂ ತಪ್ಪೇ. ಬೆಳಿಗ್ಗೆ ಗಾಡಿ ಸುತ್ತ ಒಂದು ಸುತ್ತು ಬಂದಿದ್ದರೆ ಕಾಣುತ್ತಿದ್ದ ನೂಲು ಕಿತ್ತ ಟೈರಿಗೆ "ನೋಡಿರಲಿಲ್ಲ" ಎಂಬ ಉತ್ತರ ನಿಲ್ಲುವುದಿಲ್ಲ. ಬರೀ ದೋಷಕ್ಕೆ ದಂಡ 1,500ರವರೆಗೆ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ, ಆಸ್ತಿ ಹಾಳಾದರೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ದಂಡ, ಅಥವಾ ಎರಡೂ. ಮತ್ತೊಮ್ಮೆ ಆದರೆ ಆರು ತಿಂಗಳು, 10,000.

190(2) ಇದಕ್ಕಿಂತ ಕಠಿಣ. ರಸ್ತೆ ಸುರಕ್ಷತೆ, ಶಬ್ದ, ಹೊಗೆಯ ಮಾನದಂಡ ಮೀರಿದ ಗಾಡಿ ಓಡಿಸಿದರೆ ಮೂರು ತಿಂಗಳವರೆಗೆ ಸಜೆ ಅಥವಾ 10,000ದವರೆಗೆ ದಂಡ, ಜೊತೆಗೆ ಮೂರು ತಿಂಗಳು ಡಿಎಲ್ ಅನರ್ಹ. ಅಪಾಯಕಾರಿ ಸರಕು ಸಾಗಿಸುವ ಟ್ಯಾಂಕರ್ ಚಾಲಕರಿಗೆ 190(3) ಬೇರೆಯೇ ಇದೆ. ಗ್ಯಾಸ್, ಪೆಟ್ರೋಲ್, ಆಸಿಡ್ ಗಾಡಿಯ ನಿಯಮ ಮುರಿದರೆ ಮೊದಲ ಸಲವೇ ಒಂದು ವರ್ಷದವರೆಗೆ ಸಜೆ ಅಥವಾ 10,000 ದಂಡ, ಅದಕ್ಕೂ ಮೂರು ತಿಂಗಳು ಡಿಎಲ್ ಇಲ್ಲ.

ಬಸ್ಸಿನ ತುರ್ತು ಬಾಗಿಲಿಗೆ ಸೀಟು ಅಡ್ಡ ಹಾಕಿಸುವ ಮಾಲೀಕರು ಈಗಲೂ ಇದ್ದಾರೆ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ ಸತ್ತರು. ಅಂಥ ರಾತ್ರಿಯಲ್ಲಿ ಹೊರಬರಲು ಎಷ್ಟು ದಾರಿ ತೆರೆದಿದೆ ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ. ಬಾಗಿಲು ಮುಚ್ಚಿದ ಬಸ್ಸನ್ನು ಅಧಿಕಾರಿ ತಡೆದಾಗ ಪ್ರಯಾಣಿಕರು ಬೈಯುತ್ತಾರೆ. ಬೈಯಲಿ.

ರಿಪೇರಿ ಮಾಡಿಸುವ ಬಗೆ ಹೀಗೆ. ಗಾಡಿ ನಿಂತಲ್ಲಿಗೇ ಮೆಕ್ಯಾನಿಕ್‌ನನ್ನು ಕರೆಸಿ. ಆಗದಿದ್ದರೆ ಟೋ ಮಾಡಿಸಿ. "ಗ್ಯಾರೇಜು ಎರಡು ಕಿಲೋಮೀಟರ್ ಅಷ್ಟೇ, ನಿಧಾನಕ್ಕೆ ಹೋಗ್ತೀನಿ" ಎಂದು ಎತ್ತುವುದೂ ಎತ್ತಿದಂತೆಯೇ. ಎತ್ತಲೇಬೇಕಿದ್ದರೆ ಅಧಿಕಾರಿಯ ಒಪ್ಪಿಗೆ ಬರೆಸಿಕೊಳ್ಳಿ. ರಿಪೇರಿ ಬಿಲ್‌ನಲ್ಲಿ ಗಾಡಿ ನಂಬರ್, ದಿನಾಂಕ, ಬದಲಿಸಿದ ಬಿಡಿಭಾಗದ ಹೆಸರು ಇರಲಿ. ಬರೀ "ಬ್ರೇಕ್ ಕೆಲಸ" ಎಂದು ಬರೆದ ಬಿಲ್ಲಿಗೆ ಬೆಲೆಯಿಲ್ಲ. ಕಿತ್ತುಹಾಕಿದ ಲೈನರ್, ಟೈರಿನ ಫೋಟೊ ಇಟ್ಟುಕೊಳ್ಳಿ. ರಿಪೇರಿ ಮುಗಿದಾಕ್ಷಣ ಆದೇಶ ತಾನಾಗಿ ಬಿದ್ದುಹೋಗುವುದಿಲ್ಲ. ಅಧಿಕಾರಿಗೆ ತೋರಿಸಿ, ಅವರು ಒಪ್ಪಿದ ಮೇಲೆ ಹೊರಡಿ. ಎಫ್‌ಸಿ ರದ್ದಾಗಿದ್ದರಂತೂ ಹೊಸ ಎಫ್‌ಸಿಯೇ ಬೇಕು, ಬಿಲ್ಲು ಸಾಲದು.

ಎಫ್‌ಸಿ ಇಲ್ಲದ ಗಾಡಿ ಓಡಿಸಿದರೆ

ಎಂಟು ವರ್ಷ ಮೀರದ ಸಾರಿಗೆ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಎಂಟು ಮೀರಿದ್ದಕ್ಕೆ ವರ್ಷಕ್ಕೊಮ್ಮೆ ಎಫ್‌ಸಿ. ಅದು ಮುಗಿದಿದ್ದರೆ, ರದ್ದಾಗಿದ್ದರೆ ಅಥವಾ ಆರ್‌ಸಿ ಅಮಾನತಾಗಿದ್ದರೆ ಸೆಕ್ಷನ್ 192: ಮೊದಲ ಸಲಕ್ಕೆ 2,000ದಿಂದ 5,000ದವರೆಗೆ ದಂಡ. ಎರಡನೇ ಸಲದಿಂದ ಒಂದು ವರ್ಷದವರೆಗೆ ಸಜೆ ಅಥವಾ 5,000ದಿಂದ 10,000ದವರೆಗೆ ದಂಡ, ಅಥವಾ ಎರಡೂ. ರೋಗಿಯನ್ನೋ ಗಾಯಾಳುವನ್ನೋ ಸಾಗಿಸುವಂಥ, ನೆರೆಹಾವಳಿಯಲ್ಲಿ ಆಹಾರ ಔಷಧ ಒಯ್ಯುವಂಥ ತುರ್ತಿಗೆ ವಿನಾಯಿತಿ ಇದೆ, ಆದರೆ ಏಳು ದಿನದೊಳಗೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ಪರ್ಮಿಟ್ ಕೂಡ ಅಮಾನತಾಗಿದ್ದರೆ 192ಎ ಸೇರಿಕೊಳ್ಳುತ್ತದೆ: ಆರು ತಿಂಗಳವರೆಗೆ ಸಜೆ ಮತ್ತು 10,000 ದಂಡ.

ಇನ್ಶೂರೆನ್ಸ್ ಬಗ್ಗೆ ಮಾಲೀಕರಿಗೆ ಒಂದು ಮಾತು. ಪರ್ಮಿಟ್ ಇಲ್ಲದ ಗಾಡಿಯಿಂದ ಅಪಘಾತವಾದರೆ ಕಂಪನಿ ಮೂರನೇ ವ್ಯಕ್ತಿಗೆ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಎಂಬ ಕ್ರಮವನ್ನು ಸುಪ್ರೀಂ ಕೋರ್ಟು 2018ರಲ್ಲಿ ಅಮೃತ್ ಪಾಲ್ ಸಿಂಗ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಅಂದರೆ ಪಾಲಿಸಿ ಇದ್ದೂ ಕೊನೆಗೆ ಹಣ ಹೋಗುವುದು ನಿಮ್ಮ ಜೇಬಿನಿಂದ. ಎಫ್‌ಸಿ ರದ್ದಾದಾಗ ಪರ್ಮಿಟ್ ಕೂಡ ಅಮಾನತಾಗುತ್ತದೆ ಎಂದು ಮೇಲೆ ಹೇಳಿದ್ದನ್ನು ಇದರ ಜೊತೆ ಇಟ್ಟು ಓದಿಕೊಳ್ಳಿ.

207ರಡಿ ನಿಂತ ಗಾಡಿ ಬಿಡಿಸಲು ಮಾಲೀಕರು ಸಂಬಂಧಪಟ್ಟ ದಾಖಲೆ ಇಟ್ಟು ಅರ್ಜಿ ಕೊಡಬೇಕು. ವಿಷಯ ಕೋರ್ಟಿಗೆ ಹೋಗಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 503ರಡಿ ಮಧ್ಯಂತರ ಬಿಡುಗಡೆ ಕೇಳಬಹುದು. ಠಾಣೆ ಅಂಗಳದಲ್ಲಿ ಗಾಡಿ ತುಕ್ಕು ಹಿಡಿಯಲು ಬಿಡಬಾರದೆಂದು ಸುಪ್ರೀಂ ಕೋರ್ಟು 2002ರಲ್ಲೇ, ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ವಕೀಲರಿಗೆ ಆ ಹೆಸರು ಹೇಳಿದರೆ ಸಾಕು.

ಡಿಎಲ್: ನಿಜವಾದ ಹೊಡೆತ ಬೀಳುವ ಜಾಗ

ಅಮೆರಿಕದಲ್ಲಿ ವಾಣಿಜ್ಯ ಚಾಲಕರು "ಔಟ್ ಆಫ್ ಸರ್ವಿಸ್" ಆದೇಶ, ಅಂದರೆ ಓಡಿಸಬಾರದೆಂಬ ಸುರಕ್ಷತಾ ಆದೇಶ ಮುರಿದು ಶಿಕ್ಷೆಯಾದರೆ ಮೊದಲ ಸಲಕ್ಕೇ ಕನಿಷ್ಠ 180 ದಿನ, ಒಂದು ವರ್ಷದವರೆಗೆ ಲೈಸೆನ್ಸ್ ಇಲ್ಲ. ಹತ್ತು ವರ್ಷದೊಳಗೆ ಎರಡನೇ ಸಲವಾದರೆ ಎರಡರಿಂದ ಐದು ವರ್ಷ. ನಮ್ಮ ಕಾನೂನು ಅಷ್ಟು ನೇರವಾಗಿಲ್ಲ. ದಂಡವನ್ನು ಮುಂದೆ ಮಾಡಿ ಲೈಸೆನ್ಸನ್ನು ಹಿಂದೆ ಇಟ್ಟಿದೆ. ದಂಡವನ್ನು ಓನರ್ ಕಟ್ಟುತ್ತಾನೆ ಎಂದುಕೊಂಡ ಚಾಲಕನಿಗೆ ಭಯವೇ ಹುಟ್ಟುವುದಿಲ್ಲ. ನನ್ನ ಮಟ್ಟಿಗೆ ನಮ್ಮ ವ್ಯವಸ್ಥೆಯ ದೊಡ್ಡ ದೋಷ ಇದೇ.

ಆದರೂ ಡಿಎಲ್ ಸುರಕ್ಷಿತ ಎಂದು ತಿಳಿಯಬೇಡಿ. ಸೆಕ್ಷನ್ 19 ಮತ್ತು ಕೇಂದ್ರ ಮೋಟಾರು ವಾಹನ ನಿಯಮ 21ರ ಪಟ್ಟಿಯಲ್ಲಿ ಸರಕು ಗಾಡಿಯ ಓವರ್‌ಲೋಡ್ ಇದೆ, ಸರಕು ಗಾಡಿಯಲ್ಲಿ ಜನರನ್ನು ಕೂರಿಸುವುದಿದೆ, ನಿಲ್ಲಿಸಿ ಎಂದು ಸನ್ನೆ ಮಾಡಿದರೂ ನಿಲ್ಲಿಸದಿರುವುದಿದೆ. ಸುಪ್ರೀಂ ಕೋರ್ಟು ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರ ಆಗಸ್ಟ್‌ನಲ್ಲಿ, ಓವರ್‌ಲೋಡ್‌ಗೂ ಸರಕು ಗಾಡಿಯಲ್ಲಿ ಜನ ಸಾಗಿಸುವುದಕ್ಕೂ ಕನಿಷ್ಠ ಮೂರು ತಿಂಗಳು ಡಿಎಲ್ ಅಮಾನತು ಮಾಡಿ ಎಂದು ರಾಜ್ಯಗಳಿಗೆ ಸೂಚಿಸಿತು. 2025ರ ಜನವರಿ 22ರಂದು ಯಲ್ಲಾಪುರದ ಬಳಿ ಲಾರಿ ಉರುಳಿ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ಹಣ್ಣು ತರಕಾರಿ ವ್ಯಾಪಾರಿಗಳು ಸತ್ತದ್ದನ್ನು ಓದಿದವರಿಗೆ ಈ ನಿಯಮ ಯಾಕೆ ಬೇಕೆಂದು ಬಿಡಿಸಿ ಹೇಳಬೇಕಿಲ್ಲ.

ಡಿಎಲ್ ತೆಗೆದುಕೊಂಡಾಗ ಕೊಡುವ ಸ್ವೀಕೃತಿ ಚೀಟಿಯನ್ನು ಓದಿ ನೋಡಿ. ಸೆಕ್ಷನ್ 206(3)ರ ಸ್ವೀಕೃತಿಯಾದರೆ ಅದರಲ್ಲಿ ಬರೆದ ದಿನದವರೆಗೆ ನೀವು ಗಾಡಿ ಓಡಿಸಬಹುದು. 206(4)ರಡಿ, ಅಂದರೆ 190ನೇ ಸೆಕ್ಷನ್‌ನಂಥ ಅಪರಾಧಕ್ಕೆ ಅನರ್ಹಗೊಳಿಸಲೆಂದೇ ತೆಗೆದುಕೊಂಡಿದ್ದರೆ ಆ ಚೀಟಿ ಓಡಿಸಲು ಅನುಮತಿಯಲ್ಲ. ಎರಡು ಚೀಟಿಯೂ ನೋಡಲು ಹೆಚ್ಚು ಕಡಿಮೆ ಒಂದೇ ತರಹ ಇರಬಹುದು. ಅನುಮಾನವಿದ್ದರೆ ಕ್ಲೀನರ್‌ಗೆ ಸ್ಟೀರಿಂಗ್ ಕೊಡಬೇಡಿ, ಡಿಎಲ್ ಇರುವ ಇನ್ನೊಬ್ಬ ಚಾಲಕನನ್ನು ಕರೆಸಿ.

ಅನರ್ಹಗೊಳಿಸುವ ಮೊದಲು ಪ್ರಾಧಿಕಾರ ನಿಮ್ಮ ಮಾತು ಕೇಳಬೇಕು. ನೋಟಿಸ್ ಬಂದರೆ ಹೋಗಿ, ಓನರಿಗೆ ಕಳಿಸಿದ ಮೆಸೇಜ್, ಎರಡೂ ತೂಕದ ಚೀಟಿ, ರಿಪೇರಿ ಬಿಲ್ ತೋರಿಸಿ. ಆದೇಶ ಪಾಲಿಸಿದ ಚಾಲಕನಿಗೂ ಗಾಡಿ ಎತ್ತಿಕೊಂಡು ಓಡಿದವನಿಗೂ ವ್ಯತ್ಯಾಸ ಕಾಣುವುದು ಆ ಮೇಜಿನ ಮುಂದೆ. ನೋಟಿಸ್ ಹಳೇ ವಿಳಾಸಕ್ಕೆ ಹೋಗಿ ವಾಪಸಾಗುವುದೇ ಹೆಚ್ಚು, ಆದ್ದರಿಂದ ಡಿಎಲ್‌ನಲ್ಲಿ ವಿಳಾಸ, ಮೊಬೈಲ್ ನಂಬರ್ ಸರಿಮಾಡಿಸಿಡಿ.

ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ 30 ದಿನ. ಡಿಎಲ್ ಅನರ್ಹತೆಗೆ ಸೆಕ್ಷನ್ 19ರಲ್ಲಿ, ಎಫ್‌ಸಿ ರದ್ದತಿ ಮತ್ತು ಆರ್‌ಸಿ ಅಮಾನತಿಗೆ ಸೆಕ್ಷನ್ 57ರಲ್ಲಿ ಇದಕ್ಕೆ ಅವಕಾಶವಿದೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಓಡಿಸಬಹುದು ಎಂದಲ್ಲ, ತಡೆಯಾಜ್ಞೆ ಸಿಕ್ಕರೆ ಮಾತ್ರ. ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಸಹಾಯವಾಣಿ 15100. ರಸ್ತೆಯಲ್ಲೇ "ಮುಗಿಸಿಕೊಳ್ಳೋಣ" ಎಂದು ಯಾರಾದರೂ ಕೇಳಿದರೆ, ರಸೀದಿ ಇಲ್ಲದ ಹಣ ದಂಡವಾಗುವುದಿಲ್ಲ ಎಂಬುದು ನೆನಪಿರಲಿ. ಮುಂದಿನ ಚೆಕ್‌ಪೋಸ್ಟಿನಲ್ಲಿ ಅದಕ್ಕೆ ಬೆಲೆಯಿಲ್ಲ, ಓವರ್‌ಲೋಡ್ ಹಾಗೇ ಇರುತ್ತದೆ.

ಅಮಾನತಿನ ಅವಧಿ ಮುಗಿದ ದಿನವೇ ಹತ್ತಿಬಿಡಬೇಡಿ. ಡಿಎಲ್ ವಿವರಗಳಿರುವ ಸರ್ಕಾರದ ಸಾರಥಿ ಜಾಲತಾಣದಲ್ಲಿ ಡಿಎಲ್ ನಂಬರ್, ಹುಟ್ಟಿದ ದಿನಾಂಕ ಹಾಕಿ ನೋಡಿ. ಅಲ್ಲಿ ಇನ್ನೂ ಅಮಾನತು ಎಂದೇ ತೋರಿಸುತ್ತಿದ್ದರೆ ಆರ್‌ಟಿಒ ಕಚೇರಿಯಲ್ಲಿ ಸರಿಮಾಡಿಸಿಕೊಳ್ಳಿ. ಅನರ್ಹರಾಗಿದ್ದಾಗ ಓಡಿಸಿದರೆ ಸೆಕ್ಷನ್ 182ರಡಿ ಮೂರು ತಿಂಗಳವರೆಗೆ ಸಜೆ ಅಥವಾ 10,000 ದಂಡ, ಅಥವಾ ಎರಡೂ. ರಸ್ತೆಯಲ್ಲಿ ತಡೆಯುವವರ ಮೊಬೈಲಿನಲ್ಲಿ ಕಾಣುವುದೂ ಅದೇ ಜಾಲತಾಣದ ಮಾಹಿತಿ.